ಒಳ್ಳೆಯದಕ್ಕೆ ಒಂದು ಉದಾಹರಣೆ

ನನ್ನನ್ನು ಯಾರಾದರೂ ಕೋಪಿಷ್ಠ ಎಂದರೆ ನನಗೆ ಕೆಟ್ಟ ಕೋಪ ಬರುತ್ತದೆ. ನಾನು ಕೋಪಿಷ್ಠನಲ್ಲ. ತಪ್ಪನ್ನು ತಪ್ಪು ಎನ್ನುವವನು. ಎನ್ನುವಾಗ ದನಿ ಒಂದು ಮೆಟ್ಟಿಲು ಮೇಲೆ ಹತ್ತುತ್ತದೆ, ಅಷ್ಟೆ. ಇಪ್ಪತ್ತೆಂಟು ವರ್ಷ ಓಡುವ ಪಂಪುಗಳ ಪಕ್ಕದಲ್ಲಿ ನಿಂತು ಮಾತಾಡಿದವನ ದನಿ ಇನ್ನೆಲ್ಲಿಗೆ ಇಳಿದೀತು? ಈ ಮಾತನ್ನು ಮನೆಯವರಿಗೆ ಸಾವಿರ ಸಲ ಕೂಗಿ ಹೇಳಿದ್ದೇನೆ. ಅರ್ಥ ಮಾಡಿಕೊಂಡವರಿಲ್ಲ.

ನನ್ನ ಉದ್ಯೋಗ ನೀರಿನ ಪಂಪು ರಿಪೇರಿ. ಶಾಲೆಗೂ ನನಗೂ ಆರನೇ ತರಗತಿಯಲ್ಲಿ ಮನಸ್ತಾಪವಾಗಿ, ಪರಸ್ಪರ ಒಪ್ಪಿಗೆಯ ಮೇರೆಗೆ ಬೇರೆಯಾದೆವು. ಆದರೆ ವಿದ್ಯೆ ಎನ್ನುವುದು ಪುಸ್ತಕದಲ್ಲಿ ಮಾತ್ರ ಇರುತ್ತದೆಯೇ? ಪಂಪಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತೆನೆಂದರೆ ಒಳಗಿನ ಸಮಾಚಾರವೆಲ್ಲ ನನಗೆ ಕೇಳಿಸುತ್ತದೆ. "ಬೇರಿಂಗು ಹೋಗ್ತಾ ಇದೆ. ಇನ್ನು ಒಂಬತ್ತು ದಿನ" ಎನ್ನುತ್ತೇನೆ. ನಂಬದವರು ಹತ್ತನೇ ದಿನ ಕೆಳಗಿನ ನಲ್ಲಿಯಿಂದ ಮೂರನೇ ಮಹಡಿಗೆ ಬಕೆಟು ಹೊರುತ್ತಿರುತ್ತಾರೆ. ಈ ಬೀದಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಕಿವಿ ಮೇಸ್ತ್ರಿ ಎಂದು ಕೇಳಿದರೆ ಮನೆ ಬಾಗಿಲವರೆಗೂ ತಂದು ಬಿಡುತ್ತಾರೆ.

ಇಂಥ ತ್ರಿಕಾಲಜ್ಞಾನಿಗೆ ಅವನ ಮನೆಯಲ್ಲಿ ಸಿಗುವ ಮರ್ಯಾದೆ ಎಂಥದ್ದು ಎನ್ನುವುದೇ ನನ್ನ ದೂರು.

ನನ್ನ ಹೆಂಡತಿ ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಆಯಾ. ಏಳು ವರ್ಷದಿಂದ ಮೂಗು ಒರೆಸುತ್ತಿದ್ದಾಳೆ, ಶೂ ಲೇಸು ಕಟ್ಟುತ್ತಿದ್ದಾಳೆ, ಅಳುವವರನ್ನು ಎತ್ತಿಕೊಳ್ಳುತ್ತಿದ್ದಾಳೆ. ಮಕ್ಕಳಿಗೆ ಪದ್ಯ ಹೇಳಿಕೊಡುವ ಟೀಚರಿಗಿಂತ ಮೂಲೆಯಲ್ಲಿ ನಿಂತ ಇವಳಿಗೇ ಪದ್ಯಗಳು ಚೆನ್ನಾಗಿ ಬರುತ್ತವೆ. ಸಹಾಯಕ ಶಿಕ್ಷಕಿಯ ಒಂದು ಜಾಗ ಖಾಲಿಯಾಯಿತು. ಇಂಗ್ಲಿಷಿನಲ್ಲಿ ಮೌಖಿಕ ಪರೀಕ್ಷೆ ಪಾಸಾದರೆ ಆಯಾ ಆದವರಿಗೂ ಕೊಡುತ್ತೇವೆ ಎಂದರು. ಆದರೆ ನಲವತ್ತೈದು ತುಂಬಿದವರಿಗೆ ಅವಕಾಶವಿಲ್ಲ, ಇವಳಿಗೆ ಪರೀಕ್ಷೆಯ ಮರುತಿಂಗಳೇ ನಲವತ್ತೈದು ತುಂಬುತ್ತದೆ. ಅಂದರೆ ಇದೊಂದೇ ಸಲ. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ ಮೂಗೇ ಗತಿ.

ಹೀಗಾಗಿ ಐದು ತಿಂಗಳಿಂದ ಸಂಜೆ ತರಗತಿಗೆ ಹೋಗುತ್ತಿದ್ದಳು. ಊಟದ ಮೇಜಿನಲ್ಲಿ ಅವಳೂ ಕಾಲೇಜು ಓದುವ ಮಗಳೂ ಇಂಗ್ಲಿಷಿನಲ್ಲಿ ಗುಸುಗುಸು. ನಮ್ಮ ಜೊತೆಯೇ ಇರುವ ಅತ್ತೆಯವರು ಏನೂ ಅರ್ಥವಾಗದಿದ್ದರೂ ತಮ್ಮ ಮಗಳು ಮಾತಾಡುವುದನ್ನು ನೋಡಿ ತಲೆಯಾಡಿಸುವರು. ನಾನೊಬ್ಬ ಮಾತ್ರ ಸಂಬಂಧವಿಲ್ಲದ ನೆಂಟನ ಹಾಗೆ ಅನ್ನ ಕಲಸುತ್ತ ಕೂತಿರಬೇಕು. ಒಂದು ದಿನ ತಡೆಯಲಾಗಲಿಲ್ಲ.

"ಏನದು, ನನ್ನ ಎದುರಿಗೇ ನನಗೆ ಗೊತ್ತಾಗದ ಹಾಗೆ ಮಾತಾಡೋದು?"

"ನಿಮ್ಮ ವಿಷಯ ಅಲ್ಲ ರೀ. ಪರೀಕ್ಷೆಗೆ ಒಂದು ಪದ ಆರಿಸ್ಕೊಂಡು ಅದರ ಮೇಲೆ ಐದು ನಿಮಿಷ ಮಾತಾಡ್ಬೇಕು. ಎಲ್ಲಾ ಸ್ವಂತ ಬದುಕಿನ ಉದಾಹರಣೆಗಳೇ ಇರ್ಬೇಕು. ನಲವತ್ತು ಪದ ಕೊಟ್ಟಿದ್ರು, ನಾನು ಆಗರ್ ಅನ್ನೋದನ್ನ ಆರಿಸ್ಕೊಂಡಿದೀನಿ," ಎಂದಳು ಹೆಂಡತಿ.

"ಉಪ್ಪಿನ ಆಗರವೇ?"

ಮಗಳು ಮೂಗಿನಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ಸಾವರಿಸಿಕೊಂಡು ಹೇಳಿದಳು. "ಅಲ್ಲ ಅಪ್ಪಾ, ಇದು ಇಂಗ್ಲಿಷ್ ಕ್ರಿಯಾಪದ. ಮುಂದೆ ಏನಾಗುತ್ತೆ ಅನ್ನೋದಕ್ಕೆ ಈಗಲೇ ಗುರುತು ತೋರಿಸೋದು. ಶಕುನ ಅಂತೀವಲ್ಲ, ಆ ಶಕುನ ಮಾಡೋ ಕೆಲಸ. ಮೋಡ ಕಪ್ಪಾದ್ರೆ ಮಳೆಗೆ ಗುರುತು ತಾನೆ, ಹಾಗೆ."

"ಇಷ್ಟೇನಾ? ಇದನ್ನ ನಾನು ದಿನಾ ಮಾಡ್ತೀನಲ್ಲೇ."

"ನೀನು ಮಾಡಲ್ಲ ಅಪ್ಪಾ, ಪಂಪು ಮಾಡುತ್ತೆ. ನೀನು ಕೇಳಿಸ್ಕೊಳ್ತೀಯ."

ಈ ಮಾತನ್ನು ನಾನು ಕೇಳಿಸಿಕೊಳ್ಳದವನಂತೆ ಇದ್ದೆ. ಮಗಳು ಮುಂದುವರಿಸಿದಳು: "ಆದ್ರೆ ಈ ಪದ ಯಾರ ಪಕ್ಷಾನೂ ವಹಿಸಲ್ಲ. ಒಳ್ಳೇದಕ್ಕೆ ಗುರುತಾದ್ರೆ ಪಕ್ಕದಲ್ಲಿ ವೆಲ್ ಅನ್ನಬೇಕು, ಕೆಟ್ಟದ್ದಕ್ಕಾದ್ರೆ ಇಲ್ ಅನ್ನಬೇಕು. ಪರೀಕ್ಷೇಲಿ ಎರಡಕ್ಕೂ ಉದಾಹರಣೆ ಕೇಳ್ತಾರೆ."

"ನಲವತ್ತು ಪದದಲ್ಲಿ ಇದನ್ನೇ ಯಾಕೆ ಆರಿಸ್ಕೊಂಡೆ?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ತಟ್ಟೆ ನೋಡುತ್ತ, "ಇದಕ್ಕೆ ಮನೇಲೇ ಬೇಕಾದಷ್ಟು ಸಿಗುತ್ತೆ ಅಂತ," ಎಂದಳು.

ನನ್ನ ಎದೆ ಒಂದಿಂಚು ಅಗಲವಾಯಿತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಉದ್ಯೋಗವನ್ನು ಅವಳು ಹೀಗೆ ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು ಎಂದುಕೊಂಡೆ.

ಆ ವಾರವೆಲ್ಲ ನಾನು ಆ ಪದವನ್ನು ಕೆಳಗಿಡಲಿಲ್ಲ. ಹಳೆಯ ಫ್ಯಾನಿನ ಕೆಳಗೆ ನಿಂತು "ಇದು ಆಗರ್ ಮಾಡ್ತಾ ಇದೆ" ಎಂದೆ. ಪಕ್ಕದ ಮನೆಯ ದರ್ಜಿಯ ಹೊಲಿಗೆ ಯಂತ್ರಕ್ಕೆ ಕಿವಿಯಿಟ್ಟು, "ನಿಮ್ಮದೂ ಆಗರ್ ಮಾಡುತ್ತೆ" ಎಂದಾಗ ಆತ ಗಾಬರಿಯಿಂದ, "ಎಣ್ಣೆ ಬಿಟ್ರೆ ಹೋಗುತ್ತಾ ಮೇಸ್ತ್ರಿ?" ಎಂದ. ಹೆಂಡತಿಗಂತೂ ಬೇರಿಂಗಿನದು ನಾಲ್ಕು, ವೈಂಡಿಂಗಿನದು ಮೂರು, ತುಕ್ಕು ಹಿಡಿದ ಪೈಪಿನದು ಎರಡು ಎಂದು ಪುಂಖಾನುಪುಂಖವಾಗಿ ಉದಾಹರಣೆ ಒದಗಿಸಿದೆ. ಅವಳು "ಹ್ಞೂಂ, ಬರ್ಕೊಳ್ತೀನಿ" ಎನ್ನುತ್ತ ತರಕಾರಿ ಹೆಚ್ಚುತ್ತಿದ್ದಳು. ಬರೆದುಕೊಂಡದ್ದನ್ನು ನಾನು ನೋಡಲಿಲ್ಲ.

ನೋಡಿದ್ದು ಪರೀಕ್ಷೆಗೆ ಐದು ದಿನ ಇರುವಾಗ. ಯಾವುದೋ ಪಂಪಿನ ನಂಬರು ಬರೆದುಕೊಳ್ಳಲು ಪೆನ್ನು ಹುಡುಕುತ್ತಿದ್ದೆ. ಮೇಜಿನ ಮೇಲೆ ಅವಳ ನೋಟ್‌ಪುಸ್ತಕ ತೆರೆದೇ ಇತ್ತು. ಎಡಗಡೆ ನಮ್ಮ ಭಾಷೆಯಲ್ಲಿ, ಬಲಗಡೆ ಇಂಗ್ಲಿಷಿನಲ್ಲಿ, ದುಂಡು ಅಕ್ಷರ. ನನ್ನ ಬೇರಿಂಗುಗಳನ್ನು ನೋಡಿ ಆನಂದಿಸೋಣ ಎಂದು ಎಡಗಡೆ ಓದಿದೆ.

"ಯಜಮಾನರು ಬಂದಾಗ ಎರಡು ಚಪ್ಪಲಿಯೂ ಹೊರಗಿದ್ದರೆ ಪರವಾಗಿಲ್ಲ. ಒಂದು ಚಪ್ಪಲಿ ಒಳಗೆ ಬಂದರೆ ಅದು ಕೇಡಿನ ಸೂಚನೆ."

"ಅವರು ಫೋನಿನಲ್ಲಿ 'ಸರಿ ಸಾರ್' ಎಂದು ಮೂರು ಸಲ ಹೇಳಿದರೆ, ಫೋನು ಇಟ್ಟ ಮೇಲೆ ನಮ್ಮಲ್ಲಿ ಯಾರಿಗೋ ಒಬ್ಬರಿಗೆ ಕಾದಿದೆ ಎಂದು ಸೂಚನೆ."

"ಅವರ ಎಡಗಿವಿ ಕೆಂಪಾದರೆ ದೊಡ್ಡ ಮಾತು. ಎರಡೂ ಕಿವಿ ಕೆಂಪಾದರೆ ತಟ್ಟೆ ಲೋಟ."

"ಅವರು 'ನಾನು ಸಮಾಧಾನವಾಗೇ ಹೇಳ್ತಾ ಇದೀನಿ' ಎಂದರೆ ಪಕ್ಕದ ದರ್ಜಿಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ."

ಹೀಗೆ ಹನ್ನೊಂದು. ಬೇರಿಂಗಿನ ಸುದ್ದಿಯೇ ಇಲ್ಲ. ಎಲ್ಲದರ ಕೆಳಗೆ ಸಂಜೆ ತರಗತಿಯ ಮೇಡಂ ಕೆಂಪು ಶಾಯಿಯಲ್ಲಿ, ಅದೂ ನನಗೆ ಓದಲು ಬರುವ ಭಾಷೆಯಲ್ಲೇ, ಹೀಗೆ ಬರೆದಿದ್ದರು: "ಕೆಟ್ಟದ್ದಕ್ಕೆ ಹನ್ನೊಂದು ಇವೆ, ಬಹಳ ಚೆನ್ನಾಗಿವೆ. ಒಳ್ಳೆಯದಕ್ಕೆ ಒಂದೂ ಇಲ್ಲ. ಇಲ್ಲದಿದ್ದರೆ ಪಾಸಾಗುವುದು ಕಷ್ಟ. ಮನೆಯಲ್ಲಿ ಒಳ್ಳೆಯದೇನೂ ನಡೆಯುವುದಿಲ್ಲವೇ?"

ಅದರ ಕೆಳಗೆ ಹೆಂಡತಿ ಪೆನ್ಸಿಲಿನಲ್ಲಿ "ಯೋಚಿಸಬೇಕು" ಎಂದು ಬರೆದಿದ್ದಳು.

ಪಿತ್ತ ನೆತ್ತಿಗೇರಿತು. ಇಪ್ಪತ್ತೆಂಟು ವರ್ಷದಿಂದ ನಾನು ಊರಿನ ಪಂಪುಗಳಿಗೆ ಕಿವಿ ಕೊಡುತ್ತಿದ್ದರೆ, ಇವರೆಲ್ಲ ಸೇರಿ ನನಗೇ ಸ್ಕ್ರೂಡ್ರೈವರು ಊರಿ ಕೂತಿದ್ದಾರೆ. "ಲೇ" ಎಂದು ಕೂಗಲು ಬಾಯಿ ತೆರೆದೆ. ತೆರೆದವನು ಅಭ್ಯಾಸವಿಲ್ಲದ ಒಂದು ಕೆಲಸ ಮಾಡಿದೆ: ಕೈಯಿಂದ ಕಿವಿ ಮುಟ್ಟಿ ನೋಡಿಕೊಂಡೆ. ಎಡಗಡೆಯದು ಸುಡುತ್ತಿತ್ತು. ಬಲಗಡೆಯದೂ ಸುಡುತ್ತಿತ್ತು. ಈಗ ಕೂಗಿದರೆ ಅದು ಹನ್ನೆರಡನೆಯದಾಗುತ್ತದೆ, ಬೇರೇನೂ ಆಗುವುದಿಲ್ಲ.

ಬಾಯಿ ಮುಚ್ಚಿ ಕುರ್ಚಿಯಲ್ಲಿ ಕೂತು ಯೋಚಿಸಿದೆ (ಇದೂ ಅಭ್ಯಾಸವಿಲ್ಲ). ನನ್ನ ಹೆಂಡತಿ ಟೀಚರಾಗುವುದಕ್ಕೂ ಮೂಗು ಒರೆಸುವುದಕ್ಕೂ ನಡುವೆ ಒಂದೇ ಒಂದು ಒಳ್ಳೆಯ ಉದಾಹರಣೆ ಅಡ್ಡ ನಿಂತಿದೆ. ಅದು ಈ ಮನೆಯಲ್ಲಿ ಅವಳಿಗೆ ಸಿಕ್ಕಿಲ್ಲ. ಸರಿ, ನಾನೇ ಕೊಡುತ್ತೇನೆ. ಐದು ದಿನ ಶಾಂತಮೂರ್ತಿಯಾಗಿ ಇದ್ದುಬಿಡುತ್ತೇನೆ. "ಯಜಮಾನರು ನಗುನಗುತ್ತ ಬಂದರು, ಅದು ಶುಭಸೂಚನೆ" ಎಂದು ಅವಳು ಬರೆಯಲಿ. ಯಾರಿಗೂ ಹೇಳಬಾರದು, ಹೇಳಿ ಮಾಡಿಸಿದ್ದು ಸ್ವಂತ ಬದುಕಿನ ಉದಾಹರಣೆ ಹೇಗಾದೀತು?

ಮೊದಲನೇ ದಿನ ಎರಡು ಚಪ್ಪಲಿಯನ್ನೂ ಹೊರಗೆ ಜೋಡಿಸಿ ಬಿಟ್ಟು, ನಗುತ್ತ ಒಳಗೆ ಬಂದೆ. ಮಗಳು ನನ್ನ ಕರೆಂಟು ನೋಡುವ ಮೀಟರನ್ನು ಕೆಳಗೆ ಬೀಳಿಸಿ, ಅದರ ಗಾಜು ಒಡೆದು, ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಇರಲಿ ಮಗಳೇ. ವಸ್ತು ತಾನೆ," ಎಂದೆ.

ಅವಳು ಗೋಡೆ ಬಿಟ್ಟು ಬರಲಿಲ್ಲ.

ಎರಡನೇ ದಿನ ಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ಎರಡು ಸಲ ಹಾಕಿಸಿಕೊಂಡು ತಿಂದೆ. ಹೆಂಡತಿ ತಾನು ಬಾಯಿಗಿಟ್ಟುಕೊಂಡಾಗ ಗೊತ್ತಾಗಿ, ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದಳು. ಎದ್ದು ಬಂದು ಹಣೆ ಮುಟ್ಟಿದಳು.

"ಜ್ವರ ಇಲ್ಲ," ಎಂದು ತನ್ನ ಅಮ್ಮನಿಗೆ ಹೇಳಿದಳು.

"ಕೆಲವಕ್ಕೆ ಜ್ವರ ಬರೋದಿಲ್ಲಮ್ಮ," ಎಂದರು ಅತ್ತೆ.

ಮೂರನೇ ದಿನ ದರ್ಜಿ ನನ್ನನ್ನು ಬೀದಿಯಲ್ಲಿ ತಡೆದು, ದನಿ ತಗ್ಗಿಸಿ, "ಮನೆ ಮಾರ್ತಾ ಇದೀರಾ ಮೇಸ್ತ್ರಿ?" ಎಂದು ಕೇಳಿದ. ಇಲ್ಲಪ್ಪ ಎಂದೆ. "ಮತ್ತೆ ಎರಡು ದಿನದಿಂದ ನಮಗೇನೂ ಕೇಳಿಸ್ತಾನೇ ಇಲ್ಲ," ಎಂದ. ಆತನ ಹೆಂಡತಿಗೂ ಇದೇ ಚಿಂತೆಯಂತೆ. ಮನೆಗೆ ಬಂದರೆ ಅತ್ತೆಯವರು ತಮ್ಮ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಯಾಕತ್ತೆ ಎಂದು ಮೆತ್ತಗೆ ಕೇಳಿದ್ದೇ ತಪ್ಪಾಯಿತು. ಇನ್ನೂ ಬೇಗ ಬೇಗ ತುಂಬಿಕೊಂಡರು.

ನನ್ನ ಯೋಜನೆಯಲ್ಲಿ ಎಲ್ಲೋ ಗಾಳಿ ಸೇರಿಕೊಂಡಿದೆ ಎಂದು ಆಗಲೇ ಗೊತ್ತಾಗಬೇಕಿತ್ತು. ಹೆಂಡತಿ ಪುಸ್ತಕ ತೆರೆದು ಕೂರುತ್ತಿದ್ದಳು, ಆದರೆ ಕಣ್ಣು ನನ್ನ ಮೇಲೆ. ನಾನು ಲೋಟ ಕೆಳಗಿಟ್ಟರೆ ಬೆಚ್ಚುವಳು. ಸದ್ದು ಮಾಡದೆ ಇಟ್ಟರೆ ಇನ್ನೂ ಬೆಚ್ಚುವಳು. ನಾಲ್ಕನೇ ದಿನ ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ನೋಟ್‌ಪುಸ್ತಕ ಮುಂದೆ ಹಿಡಿದಳು. ಹನ್ನೆರಡನೆಯದು ಬರೆದಾಗಿತ್ತು.

"ಯಜಮಾನರು ನಾಲ್ಕು ದಿನದಿಂದ ಏನೂ ಅನ್ನುತ್ತಿಲ್ಲ. ಇದಕ್ಕಿಂತ ಕೆಟ್ಟ ಸೂಚನೆಯನ್ನು ನಾನು ಈ ಮನೆಯಲ್ಲಿ ಕಂಡಿಲ್ಲ."

ಐದನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆ. ಎಂಟೂ ಕಾಲಿಗೆ ಬಸ್ಸು. ಎಂಟಕ್ಕೆ ಐದು ನಿಮಿಷವಿರುವಾಗ ಹೆಂಡತಿ ಒಳ್ಳೆಯ ಸೀರೆಯುಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು.

"ನಾನು ಹೋಗಲ್ಲ ರೀ."

"ಯಾಕೆ?" ಎಂದೆ, ಬೆಣ್ಣೆಯಂಥ ದನಿಯಲ್ಲಿ.

"ಡಾಕ್ಟ್ರು ಏನು ಹೇಳಿದ್ರು, ನಿಜ ಹೇಳಿ. ನಾನು ತಡ್ಕೊಳ್ತೀನಿ."

"ಯಾವ ಡಾಕ್ಟ್ರು? ನಾನು ಚೆನ್ನಾಗೇ ಇದೀನಿ. ನಿನಗೆ ಒಳ್ಳೇದಕ್ಕೊಂದು ಉದಾಹರಣೆ ಬೇಕಿತ್ತಲ್ಲ, ಅದಕ್ಕೇ ಶಾಂತವಾಗಿದ್ದೆ."

ಅವಳ ಕಣ್ಣು ತುಂಬಿತು. "ಎಷ್ಟು ಮೆತ್ತಗೆ ಹೇಳ್ತಿದೀರಿ," ಎಂದಳು. "ಇನ್ನೆಷ್ಟು ದಿನ ಅಂದ್ರು?"

ಮಗಳು ನನ್ನ ತೋಳು ಜಗ್ಗಿ ಕಿವಿಯಲ್ಲಿ ಹೇಳಿದಳು: "ಅಪ್ಪಾ, ಒಂದ್ಸಲ ಬೈದುಬಿಡು. ನಿನ್ನ ಕಾಲಿಗೆ ಬೀಳ್ತೀನಿ."

ಬೈಯುವುದು ನನಗೇನು ಹೊಸದೇ? ಎದೆ ತುಂಬ ಉಸಿರು ಎಳೆದುಕೊಂಡು, "ಏನೇ ಇದು" ಎಂದೆ. ಬಾಯಿಂದ ಬಂದದ್ದು ನೀರಿಲ್ಲದೆ ಬರೀ ಗಾಳಿ ತಿರುಗಿಸುವ ಪಂಪಿನ ಸದ್ದು. ಇನ್ನೊಂದು ಸಲ ಎಂದೆ. ಕೆಮ್ಮು ಬಂತು. ಐವತ್ತು ವರ್ಷ ಕರೆಯದೇ ಬಂದ ಕೋಪ ಕರೆದಾಗ ತಿರುಗಿಯೂ ನೋಡಲಿಲ್ಲ. ಮಗಳು ಉಪಾಯವಿಲ್ಲದೆ ಒಂದು ಪಿಂಗಾಣಿ ತಟ್ಟೆಯನ್ನು ನನ್ನೆದುರೇ ನೆಲಕ್ಕೆ ಹಾಕಿದಳು. "ಕಾಲಿಗೆ ಚುಚ್ಚೀತು, ಹುಷಾರು" ಎಂದು ಬಂತೇ ಹೊರತು ಬೇರೇನೂ ಬರಲಿಲ್ಲ. ಆಗ ಅತ್ತೆಯವರು ಚೀಲ ಕೆಳಗಿಟ್ಟು ರಣರಂಗಕ್ಕಿಳಿದರು.

"ಅಳಿಯಂದ್ರೇ, ನಿಮ್ಮ ಕಿವಿ ಈಗ ಮೊದಲಿನ ಹಾಗಿಲ್ಲ ಅಂತ ಬೀದಿಯೆಲ್ಲ ಮಾತಾಡ್ಕೊಳ್ತಾರೆ. ಮೊನ್ನೆ ಯಾವುದೋ ಪಂಪಿಗೆ ಹತ್ತು ದಿನ ಅಂದಿದ್ರಂತೆ, ಇನ್ನೂ ಓಡ್ತಾನೇ ಇದೆಯಂತೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಮನೆಯ ಹೆಂಚು ಹಾರುತ್ತಿತ್ತು. ಆ ದಿನ ನನಗೆ, ಇದ್ದರೂ ಇರಬಹುದು ಎನ್ನಿಸಿತು. ಹಾಗೇ ಅಂದುಬಿಟ್ಟೆ. ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತರು.

ಹೆಂಡತಿ ನಿಧಾನವಾಗಿ ಬ್ಯಾಗು ತೆರೆದಳು. ಹಾಲ್ ಟಿಕೆಟು ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಒಂದು ಲೋಟ ಹೇರಿದಳು, ಇನ್ನು ಅದು ಎಲ್ಲಿಗೂ ಹೋಗುವುದು ಬೇಡ ಎನ್ನುವ ಹಾಗೆ.

"ನನಗೇನು, ಮೂಗು ಒರೆಸೋದು ಅಭ್ಯಾಸ ಇದೆ," ಎಂದಳು. "ಇವತ್ತು ನಿಮ್ಮ ಜೊತೆ ಇರ್ತೀನಿ."

ಏನಾಯಿತೆಂದು ಈಗಲೂ ಹೇಳಲಾರೆ. ಕಾಲಿನ ಹೆಬ್ಬೆರಳಿನಿಂದ ಹೊರಟು ಬಂತು.

"ನನ್ನ ಜೊತೆ ಇರ್ತೀಯಾ? ಯಾರು ಕರೆದ್ರು ನಿನ್ನ? ಐದು ತಿಂಗಳು ಸಂಜೆ ಆರಕ್ಕೆ ಹೊರಟು ಒಂಬತ್ತಕ್ಕೆ ಬಂದ್ಯಲ್ಲ, ಏನು ಬಸ್ಸಿನ ಸೀಟು ಬಿಸಿ ಮಾಡೋದಕ್ಕಾ? ಐದು ತಿಂಗಳು ಈ ಮನೇಲಿ ಒಂದು ಅನ್ನ ಸರಿಯಾಗಿ ಬೇಯ್ಲಿಲ್ಲ, ಒಂದು ಶರ್ಟಿಗೆ ಗುಂಡಿ ಇಲ್ಲ, ಉಪ್ಪಿಲ್ಲದ ಪಲ್ಯ ಎರಡು ಸಲ ತಿಂದೆ ನಾನು, ಎರಡು ಸಲ. ಇವಳು ಲೋಟ ಹೇರಿ ಇಡ್ತಾಳಂತೆ. ಆ ಶಾಲೇಲಿ ನಿನಗಿಂತ ಚೆನ್ನಾಗಿ ಮಕ್ಕಳನ್ನ ನೋಡ್ಕೊಳ್ಳೋವಳು ಯಾವಳಿದಾಳೆ? ಹೇಳು. ಏಳ್ತೀಯೋ, ಹೊತ್ಕೊಂಡು ಹೋಗಿ ಬಸ್ಸಿಗೆ ಹಾಕಬೇಕೋ? ನಾನು ಸಮಾಧಾನವಾಗೇ ಹೇಳ್ತಾ ಇದೀನಿ."

ಪಕ್ಕದಲ್ಲಿ ದರ್ಜಿಯ ಕಿಟಕಿ ಟಪ್ಪನೆ ಮುಚ್ಚಿತು.

ಹೆಂಡತಿ ಎದ್ದು ಹತ್ತಿರ ಬಂದಳು. ನನ್ನ ಎಡಗಿವಿ ನೋಡಿದಳು. ಸುತ್ತಿ ಬಂದು ಬಲಗಿವಿ ನೋಡಿದಳು. ನಾಲ್ಕು ದಿನದಿಂದ ಸುಣ್ಣದ ಹಾಗಿದ್ದ ಮುಖಕ್ಕೆ ಬಣ್ಣ ಏರಿತು.

"ಸದ್ಯ," ಎಂದಳು. ಹಾಲ್ ಟಿಕೆಟು ಎಳೆದುಕೊಂಡು ಹೊರಟವಳು, ತಿರುವಿನಲ್ಲಿ ಕಂಡ ಬಸ್ಸಿಗೆ ಓಡಿದ್ದನ್ನು ನೋಡಿದರೆ ನಲವತ್ತೈದು ಎಂದು ಯಾರೂ ಹೇಳುತ್ತಿರಲಿಲ್ಲ.

ಮಧ್ಯಾಹ್ನ ಬಂದಳು. ಪಾಸಾಗಿದ್ದಾಳೆಂದು ಬಾಗಿಲಲ್ಲೇ ಗೊತ್ತಾಯಿತು. ಮಗಳು ಅಪ್ಪಿಕೊಂಡಳು, ಅತ್ತೆಯವರು ಚೀಲದಿಂದ ಬಟ್ಟೆ ಹೊರಗೆ ತೆಗೆಯಲು ಶುರುಮಾಡಿದರು. ಎಲ್ಲ ಮುಗಿದ ಮೇಲೆ ಅವಳೇ ಹೇಳಿದಳು.

"ಮೂರು ಜನ ಕೂತಿದ್ರು ರೀ. ಕೆಟ್ಟದ್ದಕ್ಕೆ ಕೇಳಿದ್ರು, ಚಪ್ಪಲೀದು ಹೇಳ್ದೆ. ನಕ್ಕರು. ಆಮೇಲೆ ಒಳ್ಳೇದಕ್ಕೊಂದು ಹೇಳಿ ಅಂದ್ರು. ನನ್ನ ಹತ್ರ ಬರೆದಿಟ್ಟಿದ್ದು ಒಂದೂ ಇರ್ಲಿಲ್ಲವಲ್ಲ. ಇವತ್ತು ಬೆಳಿಗ್ಗೆ ನನ್ನ ಯಜಮಾನರು ಎರಡೂ ಕಿವಿ ಕೆಂಪು ಮಾಡ್ಕೊಂಡು ನನ್ನ ಮೇಲೆ ಕೂಗಾಡಿದ್ರು, ಇಟ್ ಆಗರ್ಡ್ ವೆಲ್ ಅಂದುಬಿಟ್ಟೆ. ನಡುವೆ ಕೂತಿದ್ದೋರು ಪೆನ್ನು ಕೆಳಗಿಟ್ಟು, ಅದು ಹೇಗಮ್ಮಾ ಒಳ್ಳೇದಾಗುತ್ತೆ ಅಂತ ಕೇಳಿದ್ರು. ನಾನು ಹೇಳೋಕೆ ಶುರು ಮಾಡಿದೆ. ಐದು ನಿಮಿಷ ಅಂದಿದ್ದು ಹದಿನೈದು ಆಯ್ತಂತೆ. ಇಂಗ್ಲಿಷಲ್ಲಿ ಮಾತಾಡ್ತಿದೀನಿ ಅಂತ ನನಗೆ ಹೊರಗೆ ಬಂದ ಮೇಲೇ ಗೊತ್ತಾಗಿದ್ದು."

ಕಣ್ಣಿಗೆ ಏನೋ ಬಿದ್ದಂತಾಗಿ, "ಊಟಕ್ಕೆ ಏನಾದ್ರೂ ಇದೆಯೋ ಇಲ್ವೋ ಈ ಮನೇಲಿ?" ಎಂದು ಗದರಿಕೊಂಡೆ. ಮೂವರೂ ನೆಮ್ಮದಿಯಾಗಿ ನಕ್ಕರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಮುಂದಿನ ವಾರ ಬೆಳಿಗ್ಗೆ ಏಳಕ್ಕೆ ದರ್ಜಿ ಬಾಗಿಲು ತಟ್ಟಿದ. ಇಸ್ತ್ರಿ ಮಾಡಿದ ಶರ್ಟು, ಕೂದಲಿಗೆ ಎಣ್ಣೆ. "ಮೇಸ್ತ್ರಿ, ಇವತ್ತು ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆ. ಎರಡು ಸಲ ಫೇಲಾಗಿದೀನಿ. ನಿಮ್ಮ ಮನೆಯವರು ನಮ್ಮವಳಿಗೆ ಹೇಳಿದ್ರು," ಎಂದು ಕೈಕಟ್ಟಿ, ತಲೆ ತಗ್ಗಿಸಿ ನಿಂತ. "ಒಂದೆರಡು ಮಾತು ಬೈದುಬಿಡಿ."

"ಏನ್ರೀ, ನಾನೇನು ಗಿಣಿಶಾಸ್ತ್ರದವನು ಅಂದ್ಕೊಂಡ್ರಾ? ಬೆಳಿಗ್ಗೆ ಬೆಳಿಗ್ಗೆ ಮಾಡೋಕೆ ಬೇರೆ ಕೆಲಸ ಇಲ್ವಾ? ಹೊರಡಿ ಮೊದಲು," ಎಂದು ಕಿರುಚಿದೆ.

"ಇಷ್ಟು ಸಾಕು," ಎಂದು ಆತ ಸಂತೋಷದಿಂದ ಹೋದ. ಮಧ್ಯಾಹ್ನ ಪಾಸಾಗಿ, ಹಣ್ಣಿನ ಬುಟ್ಟಿ ತಂದುಕೊಟ್ಟ.

ಆಮೇಲೆ ತಡೆಯಲಾಗಲಿಲ್ಲ. ಸಂದರ್ಶನಕ್ಕೆ ಹೋಗುವ ನರ್ಸು ಬಂದಳು. ಕೋರ್ಟಿನಲ್ಲಿ ತಮ್ಮನ ಮೇಲೆ ಕೇಸು ನಡೆಸುತ್ತಿರುವ ಅಣ್ಣ ಬಂದ. ಅರ್ಧ ಗಂಟೆಯ ನಂತರ ತಮ್ಮನೂ ಬಂದ. ಇಬ್ಬರಿಗೂ ಸಮನಾಗಿ ಬೈದೆ. ಈಗ ನಿಜವಾಗಿ ಕೋಪ ಬಂದರೂ ಪ್ರಯೋಜನವಿಲ್ಲದಂತಾಗಿದೆ. ಹೇಳಿದ ದಿನ ಟ್ಯಾಂಕು ಖಾಲಿ ಮಾಡಿಸದ ಕಟ್ಟಡದ ಕಾರ್ಯದರ್ಶಿಯನ್ನು ನಡುಬೀದಿಯಲ್ಲಿ ನಿಲ್ಲಿಸಿ ಹತ್ತು ನಿಮಿಷ ಉಗಿದರೆ, ಆತ ನಗುತ್ತ, "ಥ್ಯಾಂಕ್ಸ್ ಮೇಸ್ತ್ರಿ, ಇವತ್ತು ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ," ಎನ್ನುತ್ತಾನೆ. ಐವತ್ತು ವರ್ಷ ಕಷ್ಟಪಟ್ಟು ಬೆಳೆಸಿದ ಕೋಪ, ಊರಿಗೆ ಶುಭಕೋರುವುದಕ್ಕೆ ಆಯಿತು.

ಇವತ್ತು ಬೆಳಿಗ್ಗೆ ಬಾಗಿಲು ತೆರೆದರೆ ಐದು ಜನ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ದರ್ಜಿ. ಆತನಿಗೆ ಕೆಲಸವೇನೂ ಇರಲಿಲ್ಲ, ಸಾಲು ಸರಿಯಾಗಿ ನಿಲ್ಲಿಸುತ್ತಿದ್ದ. ಎರಡೂ ಕಿವಿ ಕಾದ ಹೆಂಚಾಗಿ, ಮನೆ ಅದುರುವ ಹಾಗೆ ದಡಾರನೆ ಬಾಗಿಲು ಹಾಕಿಕೊಂಡೆ.

ಹೊರಗೆ ದರ್ಜಿ ಯಾರಿಗೋ ಸಮಾಧಾನ ಹೇಳುತ್ತಿದ್ದುದು ಕೇಳಿಸಿತು.

"ಬಾಗಿಲೇ ಹಾಕಿದ್ರಲ್ಲ. ಹೋಗಿ ಬನ್ನಿ, ನಿಮ್ಮ ಕೆಲಸ ಆಯ್ತು ಅಂತಾನೇ ಇಟ್ಕೊಳ್ಳಿ."